ಷಾಂಗ್ ಎಂದರೆ ಹತ್ತು, ಶ್ಯಾ ಎಂದರೆ ಇಳಿ



ಬೀಜಿಂಗ್ ನಗರದಲ್ಲಿ ಒಂದು ಸಂಜೆ ನನಗೆ ರೈಲು ತಪ್ಪಿತು. ಶಿಆನ್ ಊರಿಗೆ ಹೋಗುವ ರಾತ್ರಿ ರೈಲು ಅದು. ಟಿಕೆಟ್ ಆಗಿತ್ತು, ಕೈಯಲ್ಲಿ ಸಮಯವೂ ಇತ್ತು. ಟ್ಯಾಕ್ಸಿಯವರಿಗೆ ‘ಬೀಜಿಂಗ್ ರೈಲು ನಿಲ್ದಾಣ’ ಎಂದು ಅವರ ಭಾಷೆಯಲ್ಲೇ ಹೇಳಿದೆ. ಅವರು ನಾನು ಹೇಳಿದ ಕಡೆಗೇ ಕರೆದುಕೊಂಡು ಹೋದರು. ಆದರೆ ನನ್ನ ರೈಲು ಹೊರಡುವುದು ಬೀಜಿಂಗ್ ಪಶ್ಚಿಮ ನಿಲ್ದಾಣದಿಂದ. ಅದು ಊರಿನ ಇನ್ನೊಂದು ದಿಕ್ಕಿನಲ್ಲಿದೆ. ಪಶ್ಚಿಮಕ್ಕೆ ಚೀನೀಯರ ಪದ ‘ಶೀ’. ಆ ಒಂದು ಪುಟ್ಟ ಪದವನ್ನು ನಾನು ಬಿಟ್ಟಿದ್ದೆ. ಟ್ಯಾಕ್ಸಿಯವರದು ತಪ್ಪಿಲ್ಲ, ರೈಲಿನವರದೂ ತಪ್ಪಿಲ್ಲ. ಪದ ತಪ್ಪಿತು, ಅದಕ್ಕೇ ರೈಲು ತಪ್ಪಿತು.

ಆ ರಾತ್ರಿ ಕೋಣೆಗೆ ಮರಳಿ ಒಂದು ಚಿಕ್ಕ ಪುಸ್ತಕ ತೆರೆದು ದಾರಿಯ ಮಾತುಗಳನ್ನು ಬರೆದುಕೊಳ್ಳತೊಡಗಿದೆ. ನಿಲ್ದಾಣ, ಟಿಕೆಟ್, ಬಾಗಿಲು, ದಿಕ್ಕು, ಹತ್ತು, ಇಳಿ. ಸುಮಾರು ಮೂವತ್ತು ಪದಗಳಾದವು. ಚೀನೀ ಭಾಷೆ ಎಂದರೆ ಸಾವಿರಾರು ಅಕ್ಷರಗಳ ಕಾಡು, ನಮ್ಮಂಥವರಿಗೆ ದಾರಿ ಸಿಗುವುದಿಲ್ಲ ಎಂದು ಅಲ್ಲಿಯವರೆಗೆ ನಂಬಿದ್ದೆ. ಆ ಮೂವತ್ತು ಪದಗಳು ಆ ಭಯವನ್ನು ಬಿಡಿಸಿದವು. ಪ್ರಯಾಣದ ಚೀನೀ ಪದಗಳು ಒಂದಕ್ಕೊಂದು ಸಂಬಂಧವಿಲ್ಲದ ಪಟ್ಟಿಯಲ್ಲ. ಕೆಲವೇ ಇಟ್ಟಿಗೆಗಳನ್ನು ಮತ್ತೆ ಮತ್ತೆ ಜೋಡಿಸಿ ಕಟ್ಟಿದ ಗೋಡೆ ಅದು. ಕನ್ನಡ ಬಲ್ಲವರಿಗೆ ಆ ಇಟ್ಟಿಗೆಗಳು ಅಷ್ಟೇನೂ ಅಪರಿಚಿತವಲ್ಲ. ಇವತ್ತು ಹೇಳಬೇಕೆಂದಿರುವುದು ಇಷ್ಟೇ.

ಮೊದಲನೆಯ ಇಟ್ಟಿಗೆ ‘ಛ’. ಛ ಎಂದರೆ ಬಂಡಿ, ಗಾಡಿ. ಹಳೆಯ ಬರವಣಿಗೆಯಲ್ಲಿ ಈ ಅಕ್ಷರ ಮೇಲಿನಿಂದ ನೋಡಿದ ರಥದ ಚಿತ್ರ. ನಡುವೆ ಪೀಠ, ಅದನ್ನು ಹಾದುಹೋಗುವ ಅಚ್ಚು, ಎರಡು ತುದಿಗೆ ಎರಡು ಗಾಲಿ. ‘ಹುವೊ’ ಎಂದರೆ ಬೆಂಕಿ. ಹುವೊಛ ಎಂದರೆ ಬೆಂಕಿಬಂಡಿ, ಅಂದರೆ ರೈಲು. ‘ಛಿ’ ಎಂದರೆ ಉಗಿ. ಛಿಛ ಎಂದರೆ ಉಗಿಬಂಡಿ. ಆದರೆ ಅದು ರೈಲಲ್ಲ, ರಸ್ತೆಯ ಮೇಲೆ ಓಡುವ ಮೋಟಾರು. ನಮ್ಮ ಅಜ್ಜಂದಿರು ರೈಲಿಗೆ ಹೊಗೆಬಂಡಿ, ಉಗಿಬಂಡಿ ಎಂದರು. ನಮ್ಮ ಉಗಿಬಂಡಿ ಹಳಿಯ ಮೇಲೆ ಓಡಿತು, ಅವರದು ರಸ್ತೆಗಿಳಿಯಿತು. ಇವತ್ತು ವಿದ್ಯುತ್ತಿನಿಂದ ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಓಡುವ ಗಾಡಿಯನ್ನೂ ಬೆಂಕಿಬಂಡಿಯ ಕುಲಕ್ಕೇ ಸೇರಿಸುತ್ತಾರೆ. ಊರೊಳಗಿನ ಬಸ್ಸಿಗೆ ದಿನಬಳಕೆಯ ಮಾತು ‘ಕುಂಗ್‌ಚ್ಯಾವ್‌ಛ’. ಅದರ ಕೊನೆಯಲ್ಲೂ ಅದೇ ಛ.

ಎರಡನೆಯದು ‘ಚಾನ್’. ಚಾನ್ ಎಂದರೆ ನಿಲ್ಲು, ಚಾನ್ ಎಂದರೆ ನಿಲ್ದಾಣ. ನಾವೂ ‘ನಿಲ್’ ಎಂಬುದಕ್ಕೆ ‘ತಾಣ’ ಸೇರಿಸಿಯೇ ನಿಲ್ದಾಣ ಕಟ್ಟಿದೆವು. ಆ ಅಕ್ಷರದ ಎಡಭಾಗದಲ್ಲಿ ನೆಲಕ್ಕೆ ಕಾಲೂರಿ ನಿಂತ ಮನುಷ್ಯನ ಗುರುತಿದೆ. ನಿಲ್ದಾಣ ಎಂಬ ಅರ್ಥ ಅದಕ್ಕೆ ಅಂಟಿದ್ದು ಮಂಗೋಲರ ಆಳ್ವಿಕೆಯ ಕಾಲದಲ್ಲಿ. ಓಲೆಕಾರರು ಕುದುರೆ ಬದಲಿಸುವ ಕಟ್ಟೆಗೆ ಮಂಗೋಲರು ‘ಜಾಮ್’ ಎನ್ನುತ್ತಿದ್ದರು. ಆ ಸದ್ದು ಚೀನೀಯರ ಬಾಯಲ್ಲಿ ಚಾನ್ ಆಯಿತು. ಕುದುರೆ ಹೋಗಿ ರೈಲು ಬಂದರೂ ಪದ ಅಲ್ಲೇ ನಿಂತಿದೆ. ಹುವೊಛಚಾನ್ ಎಂದರೆ ರೈಲು ನಿಲ್ದಾಣ.

ಮೂರನೆಯದು ‘ಖೋವ್’. ಖೋವ್ ಎಂದರೆ ಬಾಯಿ. ಬರೆಯುವುದು ಒಂದು ಚೌಕ, ಅಷ್ಟೇ. ಛೂಖೋವ್ ಎಂದರೆ ಹೊರಹೋಗುವ ಬಾಯಿ, ರೂಖೋವ್ ಎಂದರೆ ಒಳಬರುವ ಬಾಯಿ. ನಿಲ್ದಾಣಗಳಲ್ಲೂ ಮೆಟ್ರೋದಲ್ಲೂ ಎಲ್ಲಿ ನೋಡಿದರೂ ಈ ಎರಡು ಫಲಕಗಳು. ಬಾಗಿಲಿಗೆ ಬಾಯಿ ಎನ್ನುವುದು ವಿಚಿತ್ರ ಎನಿಸಿದರೆ ನಮ್ಮ ‘ಬಾಗಿಲು’ ಪದವನ್ನೇ ಬಿಡಿಸಿ ನೋಡಿ. ಭಾಷಾಶಾಸ್ತ್ರಜ್ಞರು ಅದರಲ್ಲಿ ‘ಬಾಯಿ’ಯನ್ನೂ, ಮನೆ ಎಂಬ ಅರ್ಥದ ‘ಇಲ್’ ಪದವನ್ನೂ ಕಾಣುತ್ತಾರೆ. ಬಾಗಿಲು ಎಂದರೆ ಮನೆಯ ಬಾಯಿ.

ಈಗ ಉಚ್ಚಾರಣೆಗೆ ಬರೋಣ. ರೇಡಿಯೋದಲ್ಲಿ ಅಕ್ಷರ ತೋರಿಸಲಾಗದು, ಸದ್ದು ಕೇಳಿಸಬಹುದು. 1958ರಲ್ಲಿ ಚೀನಾ ಸರ್ಕಾರ ತನ್ನ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ‘ಪಿನ್‌ಯಿನ್’ ಪದ್ಧತಿಯನ್ನು ಜಾರಿಗೆ ತಂದಿತು. ನಿಲ್ದಾಣದ ಫಲಕಗಳಲ್ಲಿ ಚೀನೀ ಅಕ್ಷರದ ಕೆಳಗೆ ಕಾಣುವುದು ಅದೇ. ಅದನ್ನು ಇಂಗ್ಲಿಷಿನಂತೆ ಓದಿದರೆ ದಾರಿ ತಪ್ಪುತ್ತದೆ. ಪಿನ್‌ಯಿನ್‌ನಲ್ಲಿ ಬಿ ಮತ್ತು ಪಿ ಅಕ್ಷರಗಳ ನಡುವಿನ ಅಂತರ ನಮ್ಮ ಬ ಮತ್ತು ಪ ನಡುವಿನದಲ್ಲ, ಪ ಮತ್ತು ಫ ನಡುವಿನದು. ಜಿ ಮತ್ತು ಕೆ ಎಂದರೆ ಕ ಮತ್ತು ಖ. ಡಿ ಮತ್ತು ಟಿ ಎಂದರೆ ತ ಮತ್ತು ಥ. ಅಲ್ಪಪ್ರಾಣ, ಮಹಾಪ್ರಾಣ! ಕನ್ನಡ ಶಾಲೆಯಲ್ಲಿ ಕ ಖ ತಿದ್ದಿದ ಮಗುವಿಗೆ ಇದು ಗೊತ್ತು. ಇಂಗ್ಲಿಷ್ ಲಿಪಿ ಮಾತ್ರ ಬಲ್ಲವರಿಗೆ ಬರೆದುಕೊಳ್ಳಲು ಅಕ್ಷರವೇ ಇಲ್ಲ. ಟಿಕೆಟ್‌ಗೆ ‘ಫ್ಯಾವ್’ ಎನ್ನುತ್ತಾರೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ, ಉಸಿರು ತಾಗಬೇಕು. ‘ಫ್ಯಾನ್’ ಎನ್ನುವಾಗ ಹಲ್ಲು ತುಟಿಗೆ ತಾಗುತ್ತದಲ್ಲ, ಆ ಸದ್ದಲ್ಲ. ‘ಫಲ’ ಎಂಬುದನ್ನು ಮೇಷ್ಟ್ರು ಸರಿಯಾಗಿ ಹೇಳಿಸಿದ ಹಾಗೆ.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. ವರ್ಣಮಾಲೆಯ ಶ, ಷ, ಸ ಮೂರನ್ನೂ ನಾವು ಬರೆಯುತ್ತೇವೆ. ಆಡುವಾಗ ಶ ಮತ್ತು ಷ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿವೆ. ಚೀನೀಯರಿಗೆ ಈ ಮೂರೂ ಬೇರೆ ಬೇರೆ, ಬಸ್ಸು ಹತ್ತುವುದೂ ಇಳಿಯುವುದೂ ಅದರ ಮೇಲೆ ನಿಂತಿದೆ. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸಿ ‘ಷಾಂಗ್’ ಎಂದರೆ ಮೇಲೆ, ಹತ್ತು. ನಾಲಿಗೆಯನ್ನು ಚಪ್ಪಟೆಯಾಗಿ ಅಂಗುಳಕ್ಕೆ ತಂದು ‘ಶ್ಯಾ’ ಎಂದರೆ ಕೆಳಗೆ, ಇಳಿ. ಷಾಂಗ್‌ಛ, ಗಾಡಿ ಹತ್ತು. ಶ್ಯಾಛ, ಗಾಡಿ ಇಳಿ. ನಾವೂ ಬಸ್ಸನ್ನು ‘ಹತ್ತುತ್ತೇವೆ’, ಬಸ್ಸಿನಿಂದ ‘ಇಳಿಯುತ್ತೇವೆ’. ಅಕ್ಷರಗಳಂತೂ ಇನ್ನೂ ಸುಲಭ. ನೆಲದಂಥ ಒಂದು ಅಡ್ಡಗೆರೆ. ಅದರ ಮೇಲೆ ಗುರುತು ಎದ್ದು ನಿಂತರೆ ಷಾಂಗ್, ಗೆರೆಯ ಕೆಳಗೆ ಇಳಿಬಿದ್ದರೆ ಶ್ಯಾ. ಮಲಗುವ ಡಬ್ಬಿಯಲ್ಲಿ ಮೇಲಿನ ಹಾಸಿಗೆ, ಕೆಳಗಿನ ಹಾಸಿಗೆ ಗುರುತಿಸುವುದಕ್ಕೂ ಇವೇ ಎರಡು ಅಕ್ಷರ.

ಇದೇ ಶ್ಯಾ ಮುಂದಿನದನ್ನೂ ಹೇಳುತ್ತದೆ. ‘ಶ್ಯಾ ಯೀ ಚಾನ್’ ಎಂದು ಬಸ್ಸಿನಲ್ಲಿ ಧ್ವನಿ ಬಂದರೆ ‘ಮುಂದಿನ ನಿಲ್ದಾಣ’ ಎಂದರ್ಥ, ನಮ್ಮ ಮೆಟ್ರೋದಲ್ಲಿ ಕೇಳುವ ಅದೇ ಮಾತು. ಕಳೆದ ತಿಂಗಳಿಗೆ ಷಾಂಗ್, ಬರುವ ತಿಂಗಳಿಗೆ ಶ್ಯಾ. ಕಾಲವೂ ದಾರಿಯೂ ಅವರಿಗೆ ಮೇಲಿನಿಂದ ಕೆಳಗೆ ಹರಿಯುತ್ತವೆ.

ಸ ಮತ್ತು ಷ ನಡುವೆ ಇನ್ನೊಂದು ಎಚ್ಚರಿಕೆ ಬೇಕು. ನಾಲ್ಕು ಎಂಬ ಸಂಖ್ಯೆ ‘ಸ್’ ಎಂದು ಶುರುವಾಗುತ್ತದೆ, ಹತ್ತು ಎಂಬುದು ‘ಷ್’ ಎಂದು. ನಾಲ್ಕನೆಯ ಪ್ಲಾಟ್‌ಫಾರ್ಮೋ ಹತ್ತನೆಯದೋ ಎಂಬುದು ಆ ಸದ್ದಿನಲ್ಲಿದೆ. ದಕ್ಷಿಣ ಚೀನಾದಲ್ಲಿ ಅನೇಕರು ಎರಡನ್ನೂ ಸ ಎಂದೇ ಹೇಳುವುದರಿಂದ ಅಲ್ಲಿ ಸ್ವರದ ಏರಿಳಿತವೇ ಗುರುತು. ಗೊಂದಲವಾದರೆ ಬೆರಳು ತೋರಿಸುತ್ತಾರೆ. ಒಂದರಿಂದ ಹತ್ತರವರೆಗೆ ಒಂದೇ ಕೈಯಲ್ಲಿ ಎಣಿಸುವ ರೂಢಿ ಅಲ್ಲಿದೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಇದನ್ನೂ ಕಲಿತಿರಬೇಕು. ಹಾಗೆಯೇ ಒಂದಕ್ಕೆ ‘ಯೀ’ ಎಂದು ಕಲಿತಿದ್ದರೂ ರೈಲಿನ ಸಂಖ್ಯೆ ಹೇಳುವಾಗ ‘ಯಾವ್’ ಎನ್ನುತ್ತಾರೆ. ಏಳಕ್ಕೆ ಇರುವ ‘ಛೀ’ ಎಂಬ ಸದ್ದಿನೊಂದಿಗೆ ಅದು ಬೆರೆಯಬಾರದು ಎಂದು.

ಈ ಏರಿಳಿತದ ಸ್ವರಗಳು ನಾಲ್ಕು. ತಂಬೂರಿಯ ಶ್ರುತಿಯಂತೆ ಎತ್ತರದಲ್ಲಿ ಸಮವಾಗಿ ನಿಲ್ಲುವುದು ಮೊದಲನೆಯದು. ‘ಏನು?’ ಎಂದು ಕೇಳುವಾಗ ಏರುವಂತೆ ಏರುವುದು ಎರಡನೆಯದು. ತಗ್ಗಿಗಿಳಿದು ಮೇಲೇಳುವುದು ಮೂರನೆಯದು. ‘ಸಾಕು!’ ಎಂದು ಖಂಡಿತವಾಗಿ ಹೇಳಿದಂತೆ ಬೀಳುವುದು ನಾಲ್ಕನೆಯದು. ‘ಮಾಯ್’ ಎಂಬುದನ್ನು ತಗ್ಗಿಸಿ ಎತ್ತಿದರೆ ಕೊಳ್ಳು, ಖಂಡಿತವಾಗಿ ಇಳಿಸಿದರೆ ಮಾರು. ಟಿಕೆಟ್ ಕೊಳ್ಳಲು ಹೋದವರು ಮಾರಲು ಬಂದವರಾಗಬಾರದಲ್ಲ! ಆದ್ದರಿಂದ ಪದವನ್ನು ಸ್ವರದ ಜೊತೆಗೇ ಕಲಿಯಿರಿ, ಹಾಡಿನ ಸಾಲನ್ನು ರಾಗದ ಜೊತೆಗೇ ಕಲಿಯುವ ಹಾಗೆ.

ಇನ್ನು ದಿಕ್ಕುಗಳು. ತುಂಗ್, ಶೀ, ನಾನ್, ಪೇಯ್. ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ. ಚೀನೀಯರು ಇದೇ ಕ್ರಮದಲ್ಲಿ ಹೇಳುತ್ತಾರೆ. ದೊಡ್ಡ ಊರುಗಳಲ್ಲಿ ಹಲವು ನಿಲ್ದಾಣಗಳ ಹೆಸರಿಗೆ ದಿಕ್ಕು ಅಂಟಿರುತ್ತದೆ. ಬೀಜಿಂಗ್‌ನಿಂದ ಶಾಂಘೈಗೆ ಹೋಗುವ ವೇಗದ ರೈಲುಗಳು ಹೊರಡುವುದು ಸಾಮಾನ್ಯವಾಗಿ ಬೀಜಿಂಗ್ ದಕ್ಷಿಣದಿಂದ, ಅಂದರೆ ‘ನಾನ್’ ನಿಲ್ದಾಣದಿಂದ. ಊರಿನ ಹೆಸರಿನಲ್ಲೇ ದಿಕ್ಕಿದೆ. ನಾವು ಬೀಜಿಂಗ್ ಎನ್ನುವುದು ‘ಪೇಯ್‌ಚಿಂಗ್’, ಉತ್ತರದ ರಾಜಧಾನಿ. ನಾನ್‌ಜಿಂಗ್ ದಕ್ಷಿಣದ ರಾಜಧಾನಿ. ಈ ನಾಲ್ಕು ಅಕ್ಷರ ಕಲಿಯದೆ ಚೀನಾದಲ್ಲಿ ರೈಲು ಹತ್ತಲು ಹೊರಡಬೇಡಿ. ಇದು ನನ್ನ ಅನುಭವದ ಮಾತು.

ಬಹುತೇಕ ರೈಲುಗಳ ಸಂಖ್ಯೆಯ ಮುಂದೆ ಒಂದು ರೋಮನ್ ಅಕ್ಷರ ಇರುತ್ತದೆ. ಅದು ಇಂಗ್ಲಿಷ್ ಪದದ ಸಂಕ್ಷೇಪವಲ್ಲ, ಪಿನ್‌ಯಿನ್‌ನ ಮೊದಲ ಅಕ್ಷರ. ಜಿ ಎಂದಿದ್ದರೆ ‘ಕಾವ್’, ಎತ್ತರ, ಅಂದರೆ ಅತಿವೇಗದ ರೈಲು. ಕೆ ಎಂದಿದ್ದರೆ ‘ಖ್ವಾಯ್’, ಬೇಗ. ಖ್ವಾಯ್ ಎಂದರೆ ಬೇಗ ಎಂದರ್ಥವಾದರೂ ಇವತ್ತಿನ ರೈಲುಗಳಲ್ಲಿ ಅದು ನಿಧಾನದ್ದೇ. ಹೆಸರಿಟ್ಟ ಕಾಲಕ್ಕೆ ಅದು ಬೇಗವಾಗಿತ್ತು. ವೇಗದ ರೈಲುಗಳು ಅವನ್ನು ಹಿಂದೆ ಹಾಕಿದವು. ಬೀಜಿಂಗ್ ಮತ್ತು ಥಿಯೆನ್‌ಜಿನ್ ನಡುವೆ 350 ಕಿಲೋಮೀಟರ್ ವೇಗದ ಮಾರ್ಗ ತೆರೆದದ್ದು 2008ರಲ್ಲಿ. 1,318 ಕಿಲೋಮೀಟರ್ ಉದ್ದದ ಬೀಜಿಂಗ್–ಶಾಂಘೈ ಮಾರ್ಗ 2011ರಲ್ಲಿ ಬಂತು. ಇನ್ನೊಂದು ಸುಳಿವು. ಬೀಜಿಂಗ್ ಕಡೆಗೆ ಹೋಗುವ ರೈಲಿಗೆ ಸಮಸಂಖ್ಯೆ, ಅಲ್ಲಿಂದ ಹೊರಹೋಗುವುದಕ್ಕೆ ಬೆಸಸಂಖ್ಯೆ.

ಹಳೆಯ ಬಗೆಯ ರೈಲುಗಳಲ್ಲಿ ದರ್ಜೆಗೆ ಒಂದು, ಎರಡು ಎಂದು ಹೇಳುವುದಿಲ್ಲ. ‘ಯಿಂಗ್’ ಎಂದರೆ ಗಟ್ಟಿ, ‘ರ್ವಾನ್’ ಎಂದರೆ ಮೆತ್ತನೆ. ಗಟ್ಟಿ ಆಸನ, ಗಟ್ಟಿ ಹಾಸಿಗೆ, ಮೆತ್ತನೆಯ ಹಾಸಿಗೆ. ಗಟ್ಟಿ ಹಾಸಿಗೆ ಎಂದರೂ ಹೆದರಬೇಕಿಲ್ಲ, ನಮ್ಮ ಸ್ಲೀಪರ್‌ನಂತೆ ಮೂರು ಅಂತಸ್ತು. ಮೆತ್ತನೆಯದರಲ್ಲಿ ನಾಲ್ವರಿಗೆ ಒಂದು ಬಾಗಿಲಿರುವ ಕೋಣೆ. ‘ವೂ ತ್ಸುವೊ’ ಎಂದಿದ್ದರೆ ಆಸನವಿಲ್ಲ, ನಿಂತೇ ಹೋಗಬೇಕು. ಟಿಕೆಟ್‌ಗೆ ಈಗ ಕಾಗದ ಬೇಕಿಲ್ಲ. 2020ರ ಹೊತ್ತಿಗೆ ಪಾಸ್‌ಪೋರ್ಟೇ ಟಿಕೆಟ್ ಆಗಿಬಿಟ್ಟಿತು. ಪಾಸ್‌ಪೋರ್ಟಿಗೆ ‘ಹೂಚಾವ್’ ಎನ್ನುತ್ತಾರೆ, ಈ ಪದ ಮರೆಯಬೇಡಿ. ಆದರೂ ‘ಯೀ ಚಾಂಗ್ ಫ್ಯಾವ್’, ಒಂದು ಹಾಳೆ ಟಿಕೆಟ್, ಎಂದೇ ಕೇಳುತ್ತಾರೆ. ಬೆಂಕಿ ಆರಿದರೂ ಬೆಂಕಿಬಂಡಿ ಉಳಿದ ಹಾಗೆ, ಹಾಳೆ ಹೋದರೂ ಹಾಳೆಯ ಲೆಕ್ಕ ಉಳಿದಿದೆ.

ಬಸ್ಸಿಗೆ ಬರೋಣ. ಬಸ್ಸಿನಲ್ಲಿ ಪದ ಗೊತ್ತಿದ್ದರೆ ಸಾಲದು, ಮಾತನಾಡಬೇಕು. ಚಾಲಕರನ್ನು ‘ಷಿಫ಼ು’ ಎಂದು ಕರೆಯಬೇಕು. ಕಸುಬು ಬಲ್ಲ ಗುರು ಎಂದು ಅದರ ಅರ್ಥ. ನಮ್ಮಲ್ಲಿ ಮೇಸ್ತ್ರಿ ಎನ್ನುವಾಗ ಇರುವ ಗೌರವ ಅದರಲ್ಲಿದೆ. ಆಮೇಲೆ ‘ಛಿಂಗ್‌ವೆನ್’, ದಯವಿಟ್ಟು ಕೇಳಲೇ. ಅನಂತರ ಪ್ರಶ್ನೆ: ‘ಚ ಛ ತಾವ್ ಹುವೊಛಚಾನ್ ಮಾ?’ ಈ ಗಾಡಿ ರೈಲು ನಿಲ್ದಾಣಕ್ಕೆ ಹೋಗುತ್ತಾ? ಕೊನೆಯ ‘ಮಾ’ ಗಮನಿಸಿ. ಹೇಳುವ ಮಾತಿನ ಬಾಲಕ್ಕೆ ಮಾ ಅಂಟಿಸಿದರೆ ಕೇಳುವ ಮಾತಾಗುತ್ತದೆ. ಹೋಗುತ್ತೆ, ಹೋಗುತ್ತಾ? ನಾವೂ ಬಾಲದಲ್ಲೇ ಕೇಳುತ್ತೇವೆ. ಚೀನೀ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ. ನಾನು ಹೋಗುವುದಕ್ಕೂ ಅವರೆಲ್ಲ ಹೋಗುವುದಕ್ಕೂ ‘ಛ್ಯೂ’ ಒಂದೇ. ಕನ್ನಡ ಕಲಿಯುವ ಚೀನೀಯರಿಗೆ ಈ ಭಾಗ್ಯವಿಲ್ಲ.

ನನಗೆ ತಪ್ಪಿದ ರೈಲಿನ ಕಥೆಗೆ ಮರಳುತ್ತೇನೆ. ಮರುದಿನ ಸಂಜೆ ‘ಪೇಯ್‌ಚಿಂಗ್ ಶೀ ಚಾನ್’ ಎಂದು ಸ್ಪಷ್ಟವಾಗಿ ಹೇಳಿ ಸರಿಯಾದ ಜಾಗ ಮುಟ್ಟಿದೆ. ಗಟ್ಟಿ ಹಾಸಿಗೆ, ನಡುವಿನ ಅಂತಸ್ತು. ಕೆಳಗಿನ ಹಾಸಿಗೆಯಲ್ಲಿ ಒಬ್ಬ ಹಿರಿಯ ಹೆಂಗಸು. ಡಬ್ಬಿಯ ತುದಿಯ ನಲ್ಲಿಯಿಂದ ಕುದಿನೀರು ಹಿಡಿದು ತಂದು ತಮ್ಮ ಬಾಟಲಿಯ ಚಹಾ ಎಲೆಗಳ ಮೇಲೆ ಹುಯ್ದುಕೊಂಡರು. ಅಲ್ಲಿ ಅಂಥವರನ್ನು ‘ಆಯಿ’ ಎನ್ನುತ್ತಾರೆ, ತಾಯಿಯ ತಂಗಿ ಎಂಬ ಅರ್ಥದಲ್ಲಿ. ನಮ್ಮ ಉತ್ತರ ಕರ್ನಾಟಕದ ಆಯಿಯೇ ಎದುರು ಕುಳಿತ ಹಾಗಾಯಿತು. ‘ನೀ ಛ್ಯೂ ನಾರ್?’ ಎಂದು ಕೇಳಿದರು. ಎಲ್ಲಿಗೆ ಹೋಗುತ್ತೀ? ಶಿಆನ್ ಎಂದೆ. ಅವರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಆಗ ಅವರು ಅಂಗೈಯನ್ನು ಎದೆಯ ಎತ್ತರಕ್ಕೆ ಚಾಚಿ, ನೀರಿನ ಮೇಲ್ಮೈಯಂತೆ ಅಲುಗಾಡದೆ ಹಿಡಿದು ‘ಶೀ… ಆನ್’ ಎಂದರು. ನಾನು ಎರಡೂ ಪದವನ್ನು ಬೀಳಿಸುತ್ತಿದ್ದೆ, ಎರಡೂ ಸಮವಾಗಿ ನಿಲ್ಲಬೇಕಿತ್ತು. ಅವರ ಅಂಗೈ ನೋಡುತ್ತಾ ಹೇಳಿದೆ. ತಲೆಯಾಡಿಸಿದರು. ಆ ಕ್ಷಣದಲ್ಲಿ ಹೊಳೆಯಿತು: ಶಿಆನ್ ಎಂಬುದರ ಶಿ, ನಾನು ಹಿಂದಿನ ದಿನ ಕಳೆದುಕೊಂಡ ಅದೇ ಶೀ, ಪಶ್ಚಿಮ. ಶಿಆನ್ ಎಂದರೆ ಪಶ್ಚಿಮದ ಶಾಂತಿ. ಕಳೆದುಹೋದ ಪದವನ್ನು ಹೆಸರು ಗೊತ್ತಿಲ್ಲದ ಆಯಿಯೊಬ್ಬರು ನನ್ನ ಕೈಗಿಟ್ಟರು. ಮೊಬೈಲಿನ ಅನುವಾದಕ ದಾರಿ ತೋರಿಸಬಹುದು. ಆದರೆ ಹೀಗೆ ಅಂಗೈ ಚಾಚಿ ಕಲಿಸುವವರು ಸಿಗುವುದು, ನಾವು ಬಾಯಿಬಿಟ್ಟು ಒಂದು ಪದ ಹೇಳಲು ಪ್ರಯತ್ನಿಸಿದಾಗ ಮಾತ್ರ.

ಆಯಿಯ ಅಂಗೈ ಸ್ವರವಾದ ಹಾಗೆ, ಚೀನಾದ ರೈಲು ಚರಿತ್ರೆಯಲ್ಲಿ ಹಳಿಗಳೇ ಅಕ್ಷರವಾದ ಒಂದು ಜಾಗವೂ ಇದೆ. ಬೀಜಿಂಗ್‌ನಿಂದ ಚಾಂಗ್‌ಜ್ಯಾಖೋವ್‌ಗೆ ಬೆಟ್ಟಗಳನ್ನು ದಾಟುವ ಮಾರ್ಗವನ್ನು 1905ರಿಂದ 1909ರ ನಡುವೆ ಕಟ್ಟಿಸಿದವರು ಚಾನ್ ಥ್ಯೆನ್‌ಯೋವ್ ಎಂಬ ಚೀನೀ ಎಂಜಿನಿಯರ್. ಮಹಾಗೋಡೆಯ ಬಳಿ ಏರು ಬಹಳ ಕಡಿದು. ಅಲ್ಲಿ ಅವರು ಹಳಿಯನ್ನು ಒಂದು ಕವಲಿನಂತೆ ಹಾಕಿಸಿದರು. ರೈಲು ಒಂದು ಕವಲಿನಲ್ಲಿ ಏರಿ ನಿಂತು, ಹಿಮ್ಮುಖವಾಗಿ ಇನ್ನೊಂದು ಕವಲಿನಲ್ಲಿ ಏರುತ್ತದೆ. ಮೇಲಿನಿಂದ ನೋಡಿದರೆ ಅದು ‘ರೆನ್’ ಎಂಬ ಅಕ್ಷರದ ಆಕಾರ, ಎರಡು ಕಾಲೂರಿ ನಿಂತ ಆಕೃತಿ. ರೆನ್ ಎಂದರೆ ಮನುಷ್ಯ. ಚೀನೀ ಮಕ್ಕಳು ಮೊದಮೊದಲು ಕಲಿಯುವ ಅಕ್ಷರಗಳಲ್ಲಿ ಅದೂ ಒಂದು. ಆ ಎಂಜಿನಿಯರರ ಮನೆತನದ ಹೆಸರೂ ಚಾನ್, ಆದರೆ ಅದು ಸಮಸ್ವರದ ಚಾನ್. ನಿಲ್ದಾಣದ ಚಾನ್ ಇಳಿಸ್ವರದ್ದು.

ನನ್ನ ಪ್ರಯಾಣಕ್ಕೆ ಮರಳಿದರೆ, ಬೆಳಿಗ್ಗೆ ಶಿಆನ್‌ನಲ್ಲಿ ಇಳಿದೆ. ಅದು ಹಳೆಯ ಛಾಂಗ್‌ಆನ್. ನಮ್ಮ ಪಾಠಪುಸ್ತಕಗಳ ಹ್ಯೂಯೆನ್ ತ್ಸಾಂಗ್ ಭಾರತದಿಂದ ಗ್ರಂಥಗಳ ಹೊರೆಯೊಂದಿಗೆ 645ರಲ್ಲಿ ಮರಳಿದ್ದು ಅದೇ ಊರಿಗೆ. ರೈಲಿಲ್ಲ, ಬಸ್ಸಿಲ್ಲ, ಭಾಷೆಯೇ ಅವನ ವಾಹನ. ಸಂಸ್ಕೃತ ಕಲಿತು, ದಕ್ಷಿಣಾಪಥ ಸುತ್ತಿ, ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆಯೂ ಬರೆದಿಟ್ಟ. ನಮ್ಮ ದೊರೆಯ ಹೆಸರನ್ನು ತನ್ನ ಲಿಪಿಯಲ್ಲಿ ಸದ್ದು ಕೂಡಿಸಿ ಬರೆದ ಆ ಯಾತ್ರಿಕನ ನಾಡಿಗೆ, ಇವತ್ತು ನಮ್ಮ ಮಕ್ಕಳು ವೈದ್ಯಕೀಯ ಓದಲು ಹೋಗುತ್ತಾರೆ, ವ್ಯಾಪಾರಿಗಳು ಸರಕು ತರಲು ಹೋಗುತ್ತಾರೆ. ಅವರ ನಿಲ್ದಾಣದ ಹೆಸರನ್ನಾದರೂ ನಾವು ಸರಿಯಾಗಿ ಹೇಳಬೇಕು.

ಆದ್ದರಿಂದ ಹೊರಡುವವರಲ್ಲಿ ನನ್ನ ವಿನಂತಿ ಇದು. ಹೊರಡುವ ಒಂದು ತಿಂಗಳ ಮೊದಲು ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಒಂದೇ ಪದ. ಅಕ್ಷರ ಬರೆಯಿರಿ, ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಸದ್ದು ಬರೆಯಿರಿ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಮಹಾಪ್ರಾಣವನ್ನೂ ಮೂರು ಸಕಾರಗಳನ್ನೂ ಗುರುತಿಸುವ ಶಕ್ತಿ ನಮ್ಮ ಲಿಪಿಗಿದೆ. ಸ್ವರಕ್ಕೆ ಮೇಲೆ ಒಂದು ಗೆರೆ ಹಾಕಿಕೊಳ್ಳಿ. ಗಟ್ಟಿಯಾಗಿ ಹೇಳಿ. ಮೂವತ್ತನೆಯ ದಿನ ನಿಮ್ಮಲ್ಲಿ ಮೂವತ್ತು ಪದಗಳಿರುತ್ತವೆ. ಅಷ್ಟು ಸಾಕು, ರೈಲು ತಪ್ಪುವುದಿಲ್ಲ.

ಇವತ್ತಿನ ಮೊದಲ ಪದ ಇಲ್ಲೇ ಕಲಿತುಕೊಳ್ಳಿ: ಚಾನ್. ಖಂಡಿತವಾಗಿ, ಕೆಳಗಿಳಿಸಿ. ಚಾನ್ ಎಂದರೆ ನಿಲ್ದಾಣ.